ತೆಂಗಿಗೆ ಇರುವುದು ಒಂದೇ ಸುಳಿ: ಕೀಟ ಹಿಡಿಯಲು ಎಂಥ ಕತ್ತಿ ಬೇಕು?

ಕಂಬಂ (ತೇನಿ ಜಿಲ್ಲೆ): ಬಾಳೆ ಬಿದ್ದರೆ ಪಕ್ಕದಲ್ಲೇ ಕಂದು ಏಳುತ್ತದೆ. ಭತ್ತ ಹೋದರೆ ಮುಂದಿನ ಬೆಳೆಗೆ ಮತ್ತೆ ನಾಟಿ ಹಾಕಬಹುದು. ತೆಂಗಿನ ಕತೆ ಹಾಗಲ್ಲ. ಅದಕ್ಕೆ ಕೊಂಬೆಯಿಲ್ಲ, ಕವಲಿಲ್ಲ, ಇರುವುದು ಒಂದೇ ಸುಳಿ. ಆ ಸುಳಿ ಹೋಯಿತೋ, ಹತ್ತು ವರ್ಷ ನೀರು ಹಾಯಿಸಿ ಸಾಕಿದ ಮರವೂ ಹೋಯಿತು ಅಂತಲೇ ಲೆಕ್ಕ. ಸುಳಿ ಕೊರೆಯುವ ದುಂಬಿಯಿಂದ ಮರ ಸಾಯುವುದೂ ಉಂಟು, ದುಂಬಿ ತೆಗೆಯಲು ಹೋದವರ ಕತ್ತಿಯಿಂದ ಸಾಯುವುದೂ ಉಂಟು. ತೋಟದ ಕತ್ತಿ ಎಂಥದ್ದಿರಬೇಕು ಎಂಬ ಪ್ರಶ್ನೆ ಇಲ್ಲಿ ಸಣ್ಣದಲ್ಲ.

1895ರಲ್ಲಿ ಪೂರ್ಣಗೊಂಡ ಪೆರಿಯಾರ್ ಅಣೆಕಟ್ಟೆಯ ನೀರು ಕಂಡ ಈ ಕಣಿವೆಯಲ್ಲಿ ಭತ್ತ, ಬಾಳೆ, ತೆಂಗು, ದ್ರಾಕ್ಷಿ ಒಂದರ ಪಕ್ಕ ಒಂದು. ಕಂಬಂ, ಬೋಡಿ ಕಡೆಯ ಕಪ್ಪಿಲಿಯ ಒಕ್ಕಲಿಗ ಮನೆಗಳಲ್ಲಿ ಮಾತು ಇಂದಿಗೂ ಕನ್ನಡವೇ. ಮನೆಯಲ್ಲಿ ಮಚ್ಚು, ಕುಡುಗೋಲು ಎಂದರೂ ಸಂತೆಯಲ್ಲಿ ಕೇಳುವಾಗ ಅದು 'ಅರಿವಾಳು'. ಮದುರೆಯಿಂದ ಮಾನಾಮದುರೆಗೆ ಹೋಗುವ ದಾರಿಯ ತಿರುಪ್ಪಾಚೇತ್ತಿ ಅರಿವಾಳಿಗೆ ಹೆಸರಾದ ಊರು. ದಿಂಡುಗಲ್ ಬೀಗಕ್ಕೆ ಹೆಸರಾಗಿ 2019ರಲ್ಲಿ ಭೌಗೋಳಿಕ ಗುರುತು ಪಡೆಯಿತು. ಕಬ್ಬಿಣದ ಕೆಲಸ ಬಲ್ಲ ಕೈಗಳಿಗೆ ಈ ಸೀಮೆಯಲ್ಲಿ ಬರವಿಲ್ಲ. ಆದರೆ ಯಾವ ಕೀಟಕ್ಕೆ ಯಾವ ಆಯುಧ ಎಂಬುದನ್ನು ತೋಟದವರೇ ತೀರ್ಮಾನಿಸಬೇಕು.

ದುಂಬಿಗೆ ಕತ್ತಿಯಲ್ಲ, ಕೊಕ್ಕೆ

ಕರಾವಳಿಯವರು ಕುರುವಾಯಿ ಎನ್ನುವ, ತಮಿಳಿನಲ್ಲಿ ಕಾಂಡಾಮಿರುಗ ವಂಡು ಎನ್ನುವ ರೈನೋಸರಸ್ ದುಂಬಿ ಕಪ್ಪಗೆ ಮಿರುಗುವ ಗಟ್ಟಿ ಜೀವ. ತಲೆಯ ಮೇಲೊಂದು ಕೊಂಬು. ಇನ್ನೂ ಬಿಚ್ಚದ ಸುಳಿಯನ್ನು ಕೊರೆದು ಒಳಗೆ ಸೇರುತ್ತದೆ. ಸುಳಿ ಗರಿಯಾಗಿ ಬಿಚ್ಚಿಕೊಂಡಾಗ ಕತ್ತರಿಯಿಂದ ಕತ್ತರಿಸಿದಂತೆ ತ್ರಿಕೋನದ ಗುರುತು ಕಾಣುತ್ತದೆ. ತೂತಿನ ಬಾಯಲ್ಲಿ ಅಗಿದುಗುಳಿದ ಹಸಿ ನಾರು ಕಂಡರೆ ದುಂಬಿ ಇನ್ನೂ ಒಳಗಿದೆ ಎಂದೇ ತಿಳಿಯಬೇಕು.

ಇಲ್ಲಿ ಮಚ್ಚಿಗೆ ಕೆಲಸವಿಲ್ಲ. ಬೇಕಾದದ್ದು ತುದಿ ಬಾಗಿಸಿದ ಸಣ್ಣ ಕಂಬಿ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಹೇಳುವುದೂ ಇದನ್ನೇ: ಪ್ರತಿ ಕೊಯ್ಲಿನಲ್ಲೂ ಮರದ ತಲೆ ನೋಡಿ, ದುಂಬಿ ಇದ್ದರೆ ಕೊಕ್ಕೆಯಿಂದ ಎಳೆದು ಕೊಲ್ಲಿ. ಕಂಬಿ ತೀರ ಮೆತ್ತಗಿದ್ದರೆ ದುಂಬಿಯ ಬೆನ್ನಿಗೆ ತಾಗಿದ ಕೂಡಲೇ ತುದಿ ನೆಟ್ಟಗಾಗುತ್ತದೆ. ತೀರ ದಪ್ಪವಿದ್ದರೆ ತೂತನ್ನೇ ಅಗಲ ಮಾಡುತ್ತದೆ. ಬಾಗಿಸಿ ಬಿಟ್ಟರೆ ತಾನೇ ನೆಟ್ಟಗಾಗುವ, ಎಳೆದರೆ ತುದಿ ಬಿಚ್ಚಿಕೊಳ್ಳದ ತಂತಿ ಒಳ್ಳೆಯದು. ದುಂಬಿ ಹೋದ ದಾರಿಯಲ್ಲೇ ಕಂಬಿ ಹೋಗಬೇಕು, ಅಡ್ಡಾದಿಡ್ಡಿ ಚುಚ್ಚಬಾರದು. ಕೆಳಗಿರುವುದು ಮರದ ಜೀವ.

ತೆಗೆದ ಮೇಲೆ ಬೇವಿನ ಬೀಜದ ಪುಡಿ ಒಂದು ಪಾಲು, ಮರಳು ಎರಡು ಪಾಲು ಬೆರೆಸಿ, ಮರಕ್ಕೆ 150 ಗ್ರಾಂನಂತೆ ಒಳಗಿನ ಮೂರು ಗರಿಗಳ ಬುಡಕ್ಕೆ ಹಾಕುವುದು ವಾಡಿಕೆ. ದುಂಬಿ ಮರಿ ಮಾಡುವುದು ತಿಪ್ಪೆಯಲ್ಲಿ, ಕೊಳೆತ ದಿಮ್ಮಿಯಲ್ಲಿ. ತಿಪ್ಪೆ ಕೆದಕಿ ಬಿಳಿ ಹುಳು ಆರಿಸದೆ ಮರ ಹತ್ತಿ ಇಳಿದರೆ ವರ್ಷವಿಡೀ ಅದೇ ಕೆಲಸ.

ಗಾಯವೇ ಕರೆಯೋಲೆ

ದುಂಬಿಯ ಹಿಂದೆಯೇ ಬರುವುದು ಕೆಂಪು ಮೂತಿ ಹುಳು, ತಮಿಳರ ಸಿವಪ್ಪು ಕೂನ್ ವಂಡು. ಇದು ದುಂಬಿಗಿಂತ ದೊಡ್ಡ ಶತ್ರು. ಹೆಣ್ಣು ಹುಳು ಮೊಟ್ಟೆ ಇಡಲು ಹುಡುಕುವುದು ಮರದ ಗಾಯವನ್ನು. ದುಂಬಿ ಕೊರೆದ ತೂತಾದರೂ ಸರಿ, ಕತ್ತಿ ತಾಗಿದ ಗುರುತಾದರೂ ಸರಿ. ಮರಿಗಳು ಕಾಂಡದೊಳಗೇ ತಿಂದು ಬೆಳೆಯುವುದರಿಂದ ಹೊರಗೆ ಬಹಳ ದಿನ ಏನೂ ಗೊತ್ತಾಗುವುದಿಲ್ಲ. ಕಂದು ರಸ ಸೋರುವುದು, ತೂತಿನಿಂದ ನಾರು ಹೊರಬರುವುದು, ನಡುವಿನ ಗರಿ ಬಾಡುವುದು, ಕಾಂಡಕ್ಕೆ ಕಿವಿಯಿಟ್ಟರೆ ಒಳಗೆ ಕರಕರ ಕೇಳುವುದು, ಇವು ಲಕ್ಷಣಗಳು. 5ರಿಂದ 20 ವರ್ಷದ ಮರಗಳಿಗೆ ಅಪಾಯ ಹೆಚ್ಚು.

ಆದ್ದರಿಂದ ತೆಂಗಿನ ತೋಟದಲ್ಲಿ ಕತ್ತಿಯ ಮೊದಲ ಪಾಠ ಎಲ್ಲಿ ಕಡಿಯಬಾರದು ಎಂಬುದೇ. ಹತ್ತಲು ಅನುಕೂಲವೆಂದು ಕಾಂಡದಲ್ಲಿ ಮೆಟ್ಟಿಲು ಕಡಿಯಬಾರದು. ಹಸಿ ಗರಿ ಕಡಿಯಲೇಬೇಕಾದರೆ ಬುಡದವರೆಗೆ ಹೋಗದೆ 120 ಸೆಂ.ಮೀ., ಅಂದರೆ ಸುಮಾರು ನಾಲ್ಕಡಿ ತೊಟ್ಟು ಬಿಟ್ಟು ಕಡಿಯಬೇಕು. ಆಗ ಹುಳು ಗಾಯದೊಳಗೆ ಇಳಿದರೂ ಕಾಂಡ ಮುಟ್ಟುವುದು ಕಷ್ಟ. ಮೊಂಡು ಕತ್ತಿಯಲ್ಲಿ ನಾಲ್ಕು ಏಟು ಹಾಕಿ ತೊಟ್ಟು ಜಜ್ಜುವುದಕ್ಕಿಂತ ಹರಿತವಾದದ್ದರಲ್ಲಿ ಒಂದೇ ಏಟು ಮೇಲು.

ಇನ್ನು ಉಳಿಯದ ಮರ. ತಲೆ ಮುರಿದು ಬಿದ್ದ ತೆಂಗನ್ನು ಪಾಪ ಅಂತ ನಿಲ್ಲಿಸಿದರೆ ಅದು ಹುಳುಗಳ ತೊಟ್ಟಿಲು. ಕಡಿದು, ಸೀಳಿ, ಒಳಗಿನ ಮರಿ, ಗೂಡು ಸಮೇತ ಸುಡಬೇಕು. ಇಲ್ಲಿ ಮಾತ್ರ ಭಾರದ ಕೊಡಲಿ ಬೇಕು, ಹಗುರ ಅರಿವಾಳು ಸಾಲದು.

ತೆಂಗಿನ ಈ ಪಾಠಗಳ ಹಿಂದೆ ಒಂದು ಶತಮಾನದ ಕೆಲಸವಿದೆ. 1916ರಲ್ಲಿ ಕಾಸರಗೋಡಿನಲ್ಲಿ ಆರಂಭವಾದ ತೆಂಗು ಸಂಶೋಧನಾ ಕೇಂದ್ರವೇ ಇಂದಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ. ಗಡಿನಾಡ ಕನ್ನಡಿಗರ ಅಂಗಳದಲ್ಲೇ ಇರುವ ಸಂಸ್ಥೆ ಅದು.

ಬಾಳೆಗೆ ತೆಳು ಅಲಗು

ಬಾಳೆಯ ಕಾಂಡ ಕೊರೆಯುವ ಮೂತಿ ಹುಳು ಗಿಡ ಐದು ತಿಂಗಳಾದ ಮೇಲೆ ಹೆಚ್ಚು ಕಾಡುತ್ತದೆ. ಕಾಂಡದ ಮೇಲೆ ಅಂಟಿನಂಥ ರಸ ಕಾಣಿಸಿಕೊಳ್ಳುವುದು ಮೊದಲ ಗುರುತು. ಈ ಹುಳುವನ್ನು ಕತ್ತಿಯಿಂದ ಅಟ್ಟಿಸಿಕೊಂಡು ಹೋಗುವ ಬದಲು ಕತ್ತಿಯಿಂದಲೇ ಬಲೆ ಮಾಡಬಹುದು. ಗೊನೆ ಕಡಿದ ಹಸಿ ದಿಂಡನ್ನು ಒಂದು, ಒಂದೂವರೆ ಅಡಿ ತುಂಡು ಮಾಡಿ, ಉದ್ದಕ್ಕೆ ಎರಡು ಸೀಳಿ, ಸೀಳಿದ ಮೈ ನೆಲಕ್ಕೆ ಬರುವಂತೆ ಗಿಡಗಳ ಪಕ್ಕ ಇಡುವುದು. ಹಸಿ ವಾಸನೆಗೆ ಹುಳುಗಳು ಅಡಿಯಲ್ಲಿ ಸೇರುತ್ತವೆ. ಬೆಳಗ್ಗೆ ಎತ್ತಿ ನೋಡಿ ಆರಿಸಿ ಕೊಲ್ಲಬಹುದು. ಒಣಗಿದ ತುಂಡನ್ನು ಬದಲಿಸುತ್ತಿರಬೇಕು. ಕೊಯ್ಲಾದ ಬುಡವನ್ನು ತೋಟದಲ್ಲಿ ಹಾಗೇ ಕೊಳೆಯಲು ಬಿಡಬಾರದು.

ಈ ಕೆಲಸಕ್ಕೆ ತೆಳುವಾದ, ಉದ್ದವಾದ, ಸ್ವಲ್ಪ ಬಾಗಿದ ಅಲಗು ಸಾಕು. ಬಾಳೆಯ ದಿಂಡಿನಲ್ಲಿ ನೀರೇ ಹೆಚ್ಚು, ಭಾರ ಬೇಕಿಲ್ಲ. ಬೇಕಾದದ್ದು ಶುಚಿ. ಒಳಗೆ ಕೆಂಪು ಕಂದು ಗೆರೆ ಕಂಡ ಸೊರಗು ರೋಗದ ಗಿಡ ಕಡಿದ ಕತ್ತಿಯನ್ನು ಹಾಗೇ ಮುಂದಿನ ಗಿಡಕ್ಕೆ ಇಟ್ಟರೆ ರೋಗವನ್ನು ಕೈಯಾರೆ ಹಂಚಿದಂತೆ. ಮಣ್ಣು, ರಸ ತೊಳೆದು, ಅಲಗನ್ನು ಬೆಂಕಿಗೆ ತೋರಿಸಿಯೋ ಸ್ಪಿರಿಟ್‌ನಲ್ಲಿ ಒರೆಸಿಯೋ ಮುಂದಕ್ಕೆ ಹೋಗಬೇಕು. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದುವವರು ಆಮೇಲೆ ಒಣಗಿಸಿ ಎಣ್ಣೆ ಸವರದಿದ್ದರೆ ಕತ್ತಿಗೆ ತುಕ್ಕು ಖಚಿತ.

ಕಾಫಿಗೆ ತೆಂಗಿನ ನಾರು

ದಿಂಡುಗಲ್ ಜಿಲ್ಲೆಯ ಕೆಳ ಪಳನಿ ಬೆಟ್ಟದಲ್ಲಿ, ತಾಂಡಿಕುಡಿ, ಪಣ್ಣೈಕಾಡು ಕಡೆ ಬೆಳೆಯುವ ಅರೇಬಿಕಾ ಕಾಫಿಗೆ ಕಾಟ ಕೊಡುವುದು ಬಿಳಿ ಕಾಂಡ ಕೊರಕ. ಚಿಕ್ಕಮಗಳೂರು, ಕೊಡಗಿನ ಬೆಳೆಗಾರರಿಗೂ ಇದು ಹಳೆಯ ಪರಿಚಯ. ತಾಂಡಿಕುಡಿಯಲ್ಲಿ ಕಾಫಿ ಮಂಡಳಿಯ ಪ್ರಾದೇಶಿಕ ಸಂಶೋಧನಾ ಕೇಂದ್ರವೂ ಇದೆ. ಹುಳು ಗಿಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಆ ಸಡಿಲ ತೊಗಟೆಯನ್ನು ಉಜ್ಜಿ ತೆಗೆಯಬೇಕು ಎಂಬುದು ಮಂಡಳಿಯ ಸಲಹೆ, ಆದರೆ ಕತ್ತಿಯಿಂದಲ್ಲ. ತೆಂಗಿನ ನಾರಿನ ಕೈಚೀಲ ಅಥವಾ ಸಿಪ್ಪೆಯಿಂದ ಉಜ್ಜಿದರೆ ಒಳಗಿನ ಹಸಿರು ತೊಗಟೆಗೆ ಗಾಯವಾಗದು.

ಕತ್ತಿ, ಗರಗಸ ಬರುವುದು ಆಮೇಲೆ. ಕಾಂಡದ ಮೇಲೆ ಉಬ್ಬು ಗೆರೆ, ಹಳದಿ ಎಲೆ ಕಂಡ ಗಿಡಗಳನ್ನು ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳಲ್ಲಿ, ಅಂದರೆ ಹುಳು ಹಾರಾಡುವ ಕಾಲಕ್ಕೆ ಮೊದಲೇ ಪತ್ತೆ ಮಾಡಿ, ಕಿತ್ತೋ ಕತ್ತರಿಸಿಯೋ ಸುಡಬೇಕು. ಕಡಿದ ಕಾಂಡವನ್ನು ಸೌದೆಗೆಂದು ಮನೆ ಹಿತ್ತಲಲ್ಲಿ ಒಟ್ಟಿದರೆ ಹುಳು ಅಲ್ಲಿಂದಲೇ ಹಾರಿ ತೋಟಕ್ಕೆ ಬರುತ್ತದೆ.

ಗಡಸು ಬೇರೆ, ತಾಳಿಕೆ ಬೇರೆ

ಕತ್ತಿ ಗಟ್ಟಿ ಇರಬೇಕು ಎನ್ನುತ್ತೇವೆ. ಆ ಗಟ್ಟಿತನದಲ್ಲಿ ಎರಡು ಗುಣಗಳಿವೆ. ಒಂದು ಗಡಸು, ಬಾಯಿ ಬೇಗ ಮೊಂಡಾಗದಿರುವುದು. ಇನ್ನೊಂದು ತಾಳಿಕೆ, ಗಂಟಿಗೆ, ಕಲ್ಲಿಗೆ ತಾಗಿದರೂ ಮುರಿಯದಿರುವುದು. ಒಂದು ಹೆಚ್ಚಾದರೆ ಇನ್ನೊಂದು ಕಡಿಮೆ. ಅಡುಗೆ ಮನೆಯ ಸ್ಟೀಲ್ ಚಾಕುವಿನಿಂದ ತೆಂಗಿನ ತೊಟ್ಟು ಕಡಿಯಲು ಹೋದರೆ ಬಾಯಿ ಹಲ್ಲುಹಲ್ಲಾಗುವುದು ಇದಕ್ಕೇ.

ಕುಲುಮೆಯವರು ಲಾರಿಯ ಹಳೆ ಸ್ಪ್ರಿಂಗ್ ಪಟ್ಟಿಯನ್ನು ಇಷ್ಟಪಡುವುದಕ್ಕೂ ಇದೇ ಕಾರಣ. ಅದರಲ್ಲಿ ನೂರಕ್ಕೆ ಅರ್ಧ ಭಾಗಕ್ಕಿಂತ ತುಸು ಹೆಚ್ಚು ಇಂಗಾಲ ಇರುತ್ತದೆ. ಮನೆ ಕಟ್ಟುವ ಕಂಬಿಯಲ್ಲಿ ಅದರ ಅರ್ಧದಷ್ಟೂ ಇರುವುದಿಲ್ಲ, ಎಷ್ಟು ಕಾಯಿಸಿ ಅದ್ದಿದರೂ ಹರಿತ ನಿಲ್ಲದು. ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದಾಗ ಉಕ್ಕು ಗಡಸಾಗುತ್ತದೆ, ಆದರೆ ಗಾಜಿನಂತೆ ಒಡೆಯುತ್ತದೆ. ಅದನ್ನೇ ಮತ್ತೆ ನಿಧಾನ ಬಿಸಿ ಮಾಡಿದಾಗ ಮೈ ಮೇಲೆ ಒಣಹುಲ್ಲಿನ ಬಣ್ಣ, ಕಂದು, ನೇರಳೆ, ನೀಲಿ ಹೀಗೆ ಬಣ್ಣಗಳು ಓಡುತ್ತವೆ. ಹುಲ್ಲಿನ ಬಣ್ಣಕ್ಕೆ ನಿಲ್ಲಿಸಿದರೆ ಕೊಯ್ಯುವ ಕತ್ತಿ, ನೇರಳೆ ದಾಟಿ ನೀಲಿಗೆ ಬಂದಾಗ ನಿಲ್ಲಿಸಿದರೆ ಏಟು ತಾಳುವ ಮಚ್ಚು. ಕಮ್ಮಾರನಿಗೆ ಕೆಲಸ ಏನೆಂದು ಹೇಳಿ ಮಾಡಿಸಿದರೆ ಹದ ಅವನೇ ನೋಡಿಕೊಳ್ಳುತ್ತಾನೆ. ಸುಮ್ಮನೆ ಒಂದು ಕತ್ತಿ ಕೊಡು ಅಂದರೆ ಸಿಗುವುದೂ ಸುಮ್ಮನೆ ಒಂದು ಕತ್ತಿ.

ಕತ್ತಿ ಕೆಳಗಿಡಬೇಕಾದ ಕಡೆ

ಬೆಳೆಗೆ ಬರುವ ಎಲ್ಲ ಶತ್ರುಗಳೂ ಕತ್ತಿಗೆ ಸಿಗುವವಲ್ಲ. 2016ರಲ್ಲಿ ಪೊಳ್ಳಾಚಿಯಲ್ಲಿ ಕಾಣಿಸಿಕೊಂಡು ಹರಡಿದ ತೆಂಗಿನ ಸುರುಳಿ ಬಿಳಿನೊಣಕ್ಕೆ ಗರಿ ಕಡಿಯುವುದು ಮದ್ದಲ್ಲ. ಗರಿಯ ಅಡಿಗೆ ನೀರನ್ನು ರಭಸವಾಗಿ ಹಾಯಿಸಿ, ಅದನ್ನು ತಿನ್ನುವ ಪರಾವಲಂಬಿ ಕೀಟಗಳನ್ನು ಉಳಿಸಿಕೊಳ್ಳುವುದೇ ದಾರಿ. ಗದ್ದೆಯ ಕೇರೆ ಹಾವು ಇಲಿ ತಿನ್ನುವ ಕೂಲಿಯಿಲ್ಲದ ಆಳು, ಅದರ ಮೇಲೆ ಮಚ್ಚು ಎತ್ತಿದರೆ ನಷ್ಟ ತೋಟದವರಿಗೇ.

ಕಾಡುಹಂದಿಯ ವಿಷಯವಂತೂ ಕಾನೂನಿನದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ರೈತರು ತಾವಾಗಿ ಅದನ್ನು ಕೊಲ್ಲುವಂತಿಲ್ಲ. ಕಾಡಂಚಿನಿಂದ 3 ಕಿ.ಮೀ. ಆಚೆ ಬಂದು ಬೆಳೆ ಹಾಳು ಮಾಡುವ ಹಂದಿಗೆ ಗುಂಡಿಕ್ಕಲು ತಮಿಳುನಾಡು ಸರಕಾರ 2025ರಲ್ಲಿ ಒಪ್ಪಿದ್ದು ಅರಣ್ಯ ಇಲಾಖೆಯವರಿಗೆ ಮಾತ್ರ. ಗಾಯಗೊಂಡ ಹಂದಿಯ ಎದುರು ಅರಿವಾಳು ಹಿಡಿದು ನಿಲ್ಲುವುದು ಧೈರ್ಯವಲ್ಲ, ಆಸ್ಪತ್ರೆಯ ದಾರಿ. ಇಲಾಖೆಗೆ ತಿಳಿಸಿ, ಬೆಳೆ ನಷ್ಟಕ್ಕೆ ಅರ್ಜಿ ಕೊಡುವುದು ಲೇಸು.

ಕೊಳ್ಳುವಾಗ ಇವನ್ನು ನೋಡಿ

* ಅಲಗನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಿ. ಸೊಟ್ಟ ಇರಬಾರದು, ಕೂದಲಿನಷ್ಟೂ ಬಿರುಕಿರಬಾರದು.

* ಬೆರಳಿನಿಂದ ತಟ್ಟಿದರೆ ಟಣ್ ಎನ್ನಬೇಕು. ಒಡೆದ ಮಡಕೆಯ ಸದ್ದು ಬಂದರೆ ಬಿಟ್ಟುಬಿಡಿ.

* ಬಾಯಿಯ ಮೇಲೆ ಅರ ಆಡಿಸಿ. ಪೂರ್ತಿ ಜಾರಿದರೆ ತೀರ ಗಡಸು, ಸಲೀಸಾಗಿ ಕೊರೆದರೆ ತೀರ ಮೆತ್ತಗೆ. ಸ್ವಲ್ಪವೇ ಹಿಡಿಯಬೇಕು.

* ಹೊಸ ಕತ್ತಿಯ ಬಾಯಿ ಮಾತ್ರ ನೀಲಿಗಟ್ಟಿದ್ದರೆ ಮಿಷನ್ ಸಾಣೆಯಲ್ಲಿ ಸುಟ್ಟಿರಬಹುದು. ಆ ಜಾಗದ ಹದ ಹೋಗಿರುತ್ತದೆ. ಮನೆಯಲ್ಲಿ ಸಾಣೆ ಹಿಡಿಯುವಾಗಲೂ ನೀರು ಹಾಕುತ್ತಿರಿ.

* ಹಿಡಿಯೊಳಗಿನ ಕಬ್ಬಿಣ ಆಳಕ್ಕೆ ಹೋಗಿದೆಯೇ, ಹಿಡಿಯ ಬಾಯಿಗೆ ಬಳೆ ಬಿಗಿಯಾಗಿದೆಯೇ ಅಲುಗಿಸಿ ನೋಡಿ. ಮರದ ಮೇಲೆ ಅಲಗು ಕಳಚಿದರೆ ಕೆಳಗಿದ್ದವರ ತಲೆಗೆ.

* ಮರ ಹತ್ತುವವರ ಕತ್ತಿ ಒಂದು ಕೈಗೆ ಹಗುರವಾಗಿರಬೇಕು. ಹಿಡಿಗೆ ಹಗ್ಗ, ಅಲಗಿಗೆ ಒರೆ ಇರಲಿ.

* ತೆಂಗಿಗೆ, ಬಾಳೆಗೆ, ಕಾಫಿಗೆ ಒಂದೇ ಕತ್ತಿ ಬೇಡ. ಒಂದು ಕೊಕ್ಕೆ, ಒಂದು ತೆಳು ಅಲಗು, ಒಂದು ಭಾರದ್ದು ಇದ್ದರೆ ಮನೆಗೆ ಸಾಕು.

* ಆಯುಧಪೂಜೆಗೆ ಕುಂಕುಮ ವರ್ಷಕ್ಕೊಮ್ಮೆ ಸಾಕು. ಒರೆಸಿ ಎಣ್ಣೆ ಹಚ್ಚುವುದು ಮಾತ್ರ ಕೆಲಸ ಮುಗಿದ ದಿನವೆಲ್ಲ.

ಮರದ ಕಾಂಡದಲ್ಲಿ ರಸ ಸೋರುವುದು ಕಂಡರೆ ತಡ ಮಾಡದೆ ಹತ್ತಿರದ ಕೃಷಿ ಅಥವಾ ತೋಟಗಾರಿಕೆ ಕಚೇರಿಗೆ ತಿಳಿಸಬೇಕು. ಪೆರಿಯಕುಳಂನಲ್ಲಿ ತೋಟಗಾರಿಕೆ ಕಾಲೇಜು ಇದೆ, ಅಲ್ಲೂ ವಿಚಾರಿಸಬಹುದು. ತೂತು ಮುಚ್ಚಿ ಔಷಧಿ ಹಾಕುವ ಕೆಲಸವನ್ನು ಅವರ ಸಲಹೆಯಂತೆಯೇ ಮಾಡುವುದು ಒಳ್ಳೆಯದು. ಹುಳು ಸುಳಿ ಮುಟ್ಟುವ ಮೊದಲು ಗೊತ್ತಾದರೆ ಮರ ಉಳಿಯುತ್ತದೆ.