ರವೆ, ನೀರು, ಹೆಬ್ಬೆರಳು

ಇಟಲಿಯ ಆಗ್ನೇಯ ಕರಾವಳಿಯ ಬಾರಿ ನಗರದಲ್ಲಿ, ಹಳೆಯ ಕೋಟೆಯ ಎದುರಿಗೆ ಆರ್ಕೊ ಬಾಸ್ಸೊ ಎಂಬ ಕಿರಿದಾದ ಓಣಿಯಿದೆ. ಅಲ್ಲಿನ ಹೆಂಗಸರು ಮನೆ ಬಾಗಿಲಲ್ಲೇ ಮೇಜು ಹಾಕಿಕೊಂಡು ಪಾಸ್ತಾ ಮಾಡುತ್ತಾರೆ. ಮೇಜಿನ ಮೇಲೆ ಯಂತ್ರವಿಲ್ಲ, ಲಟ್ಟಣಿಗೆಯಿಲ್ಲ, ಮೊಟ್ಟೆಯೂ ಇಲ್ಲ. ಇರುವುದು ಗೋಧಿಯ ನುಣ್ಣನೆ ರವೆ, ನೀರು ಮತ್ತು ಊಟದ ಮೇಜಿನಲ್ಲಿ ಬಳಸುವ ಮೊಂಡು ಚಾಕು. ಮಾಡಿದ್ದನ್ನು ಜಾಲರಿ ಹೊಡೆದ ಮರದ ಚೌಕಟ್ಟುಗಳ ಮೇಲೆ ಹರವಿ ಬೀದಿಯಲ್ಲೇ ಒಣಗಿಸುತ್ತಾರೆ. ಬೆರಳ ತುದಿಯಷ್ಟಗಲದ, ಪುಟ್ಟ ಕಿವಿಯ ಆಕಾರದ ಈ ಪಾಸ್ತಾಕ್ಕೆ ಒರೆಕಿಯೆತ್ತೆ ಎಂದು ಹೆಸರು.

ಮನೆಯಲ್ಲಿ ಪಾಸ್ತಾ ಮಾಡುವುದು ದುಬಾರಿ ಹವ್ಯಾಸ ಎಂಬ ಭಾವನೆ ನಮ್ಮಲ್ಲಿದೆ. ವಿಡಿಯೋಗಳಲ್ಲಿ ಕಾಣುವುದು ಹಿಡಿಕೆ ತಿರುಗಿಸುವ ಉಕ್ಕಿನ ಯಂತ್ರ, ಹಿಟ್ಟಿನ ಗುಡ್ಡೆಯ ನಡುವೆ ಒಡೆದು ಸುರಿದ ಮೊಟ್ಟೆಗಳು. ಅದು ಉತ್ತರ ಇಟಲಿಯ, ಅದರಲ್ಲೂ ಬೊಲೊನ್ಯಾ ಸೀಮೆಯ ಪದ್ಧತಿ. 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ ಅಲ್ಲಿಯ ಲೆಕ್ಕ. ತಾಲ್ಯಾತೆಲ್ಲೆ ಎಂಬ ಪಟ್ಟಿ ಪಾಸ್ತಾ ಬೆಂದ ಮೇಲೆ 8 ಮಿಲಿಮೀಟರ್ ಅಗಲ ಇರಬೇಕೆಂದು 1972ರಲ್ಲಿ ಬೊಲೊನ್ಯಾದ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿ, ಚಿನ್ನದ ಮಾದರಿಯನ್ನೂ ಇಟ್ಟ ಊರು ಅದು. ಚಿನ್ನದಲ್ಲಿ ಪಾಸ್ತಾ ಅಳೆಯುವವರಿಂದ ಮಿತವ್ಯಯ ಕಲಿಯುವುದು ಕಷ್ಟ. ಕಲಿಯಬೇಕಾದ್ದು ದಕ್ಷಿಣದವರಿಂದ.

ಬಾರಿ ಇರುವ ಪುಲಿಯಾ ಪ್ರಾಂತ್ಯ ಡ್ಯೂರಂ ಗೋಧಿಯ ಕಣಜ. ಫೊಜ್ಜಾ ಸುತ್ತಲಿನ ತವೊಲಿಯೆರೆ ಬಯಲಿನಲ್ಲಿ ಅದೇ ಮುಖ್ಯ ಬೆಳೆ. ಗೋಧಿ ಇತ್ತು, ಕೈಯಲ್ಲಿ ಕಾಸಿರಲಿಲ್ಲ. ಕೊಯ್ಲಾದ ಮೇಲೆ ಹೊಲದ ಕೂಳೆಗೆ ಬೆಂಕಿ ಹಾಕಿದರೆ, ಬಡವರು ಅಲ್ಲಿ ಉಳಿದ ಸುಟ್ಟ ಕಾಳುಗಳನ್ನು ಆಯ್ದು ತಂದು ಬೀಸಿ ಹಿಟ್ಟು ಮಾಡಿಕೊಳ್ಳುತ್ತಿದ್ದರು. ಗ್ರಾನೊ ಆರ್ಸೊ ಎಂಬ ಆ ಕಪ್ಪು ಹಿಟ್ಟಿನ ಪಾಸ್ತಾ ಇವತ್ತು ಒಳ್ಳೆಯ ಹೋಟೆಲುಗಳ ಮೆನುವಿನಲ್ಲಿ ವಿಶೇಷ ತಿನಿಸು!

ಮೊಟ್ಟೆಯಿಲ್ಲದೆ ಪಾಸ್ತಾ ನಿಲ್ಲುವುದು ಡ್ಯೂರಂನ ಗುಣದಿಂದ. ಈ ಗೋಧಿ ಗಟ್ಟಿ, ಬಣ್ಣ ಹಳದಿ, ಪ್ರೋಟೀನ್ ಹೆಚ್ಚು. ಇದರ ಕಣಕವನ್ನು ಎಳೆದರೆ ಮೈದಾದ ಹಾಗೆ ಹಿಂದಕ್ಕೆ ಜಗ್ಗಿಕೊಳ್ಳುವುದಿಲ್ಲ. ಒತ್ತಿದ ಗುಳಿ ಒತ್ತಿದ ಹಾಗೇ ಉಳಿಯುತ್ತದೆ. ಹಾಗಾಗಿಯೇ ಬೆರಳೇ ಅಚ್ಚಾಗಲು ಸಾಧ್ಯ.

ನಾಲ್ಕು ಜನಕ್ಕೆ 400 ಗ್ರಾಂ ನುಣ್ಣನೆ ರವೆ, ಸುಮಾರು 200 ಮಿಲಿಲೀಟರ್ ಉಗುರುಬೆಚ್ಚಗಿನ ನೀರು ಸಾಕು. ನೀರನ್ನು ಒಮ್ಮೆಲೇ ಸುರಿಯಬಾರದು. ಮೊದಲು ಪುಡಿಪುಡಿಯಾಗಿ ಒರಟಾಗಿರುತ್ತದೆ, ಇನ್ನಷ್ಟು ನೀರು ಹಾಕಬೇಕೆನಿಸುತ್ತದೆ; ತಡೆಯಿರಿ. ಹತ್ತು ನಿಮಿಷ ಅಂಗೈಯ ಬುಡದಿಂದ ಒತ್ತಿ ನಾದಿದರೆ ರವೆ ನೀರು ಹೀರಿ ನಯವಾಗುತ್ತದೆ. ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿಯೇ ಇರಲಿ. ಅರ್ಧ ಗಂಟೆ ಒದ್ದೆ ಬಟ್ಟೆ ಮುಚ್ಚಿಡಿ.

ಆಮೇಲಿನದು ಕೈಚಳಕ. ಕಣಕವನ್ನು ಕಿರುಬೆರಳು ದಪ್ಪಕ್ಕೆ ಹೊಸೆದು, ಒಂದೊಂದು ಸೆಂಟಿಮೀಟರಿಗೆ ಕತ್ತರಿಸಬೇಕು. ಒಂದು ತುಂಡಿನ ಮೇಲೆ ಚಾಕುವಿನ ಅಲಗನ್ನು ಓರೆಯಾಗಿಟ್ಟು, ಒತ್ತಿ ನಿಮ್ಮ ಕಡೆಗೆ ಎಳೆಯಬೇಕು. ಅದು ತೆಳ್ಳಗಾಗುತ್ತ ಅಲಗಿಗೆ ಸುತ್ತಿಕೊಳ್ಳುತ್ತದೆ. ಅದನ್ನು ಹೆಬ್ಬೆರಳ ತುದಿಗೆ ಟೋಪಿ ಹಾಕಿದಂತೆ ಮಗುಚಿದರೆ ಒಳಮೈ ಹೊರಗಾಗಿ ಕಿವಿ ಸಿದ್ಧ. ನಡುವೆ ತೆಳ್ಳಗೆ, ಅಂಚು ತುಸು ದಪ್ಪ, ಹೊರಮೈ ಒರಟು. ಆ ಒರಟಿಗೇ ಸಾಸ್ ಹಿಡಿಯುವುದು. ಹಾಗಾಗಿ ಕೆಲಸಕ್ಕೆ ಮರದ ಮಣೆಯೇ ಬೇಕು. ನುಣುಪಾದ ಗ್ರಾನೈಟ್ ಕಟ್ಟೆಯ ಮೇಲೆ ತುಂಡು ಜಾರುತ್ತದೆ, ತರಿಯೂ ಬರುವುದಿಲ್ಲ. ಚಾಕು ಒಗ್ಗದವರು ಎರಡು ಬೆರಳಲ್ಲಿ ಒತ್ತಿ ಎಳೆದರೂ ಆದೀತು. ಅದು ಕವಾತೆಲ್ಲಿ, ಅದೂ ದಕ್ಷಿಣ ಇಟಲಿಯದೇ.

ಬಾರಿಯವರು ಇದನ್ನು ಚೀಮೆ ದಿ ರಾಪಾ ಎಂಬ, ಸಾಸಿವೆ ಸೊಪ್ಪಿನ ಹತ್ತಿರದ ನಂಟಿನ, ಸ್ವಲ್ಪ ಕಹಿಯ ಸೊಪ್ಪಿನ ಜೊತೆ ತಿನ್ನುತ್ತಾರೆ. ಸೊಪ್ಪು, ಪಾಸ್ತಾ ಎರಡೂ ಒಂದೇ ನೀರಲ್ಲಿ ಬೇಯುತ್ತವೆ. ಆಲಿವ್ ಎಣ್ಣೆಯಲ್ಲಿ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪು ಹಾಕಿಟ್ಟ ಆಂಚೊವಿ ಮೀನು. ಚೀಸ್ ಕೊಳ್ಳಲಾಗದವರು ಹಳೆಯ ಬ್ರೆಡ್ಡಿನ ಪುಡಿಯನ್ನು ಎಣ್ಣೆಯಲ್ಲಿ ಹುರಿದು ಉದುರಿಸಿಕೊಳ್ಳುತ್ತಿದ್ದರು. ನನ್ನ ಪ್ರಕಾರ ಚೀಸಿಗಿಂತ ಅದೇ ಚೆನ್ನ.

ಆರ್ಕೊ ಬಾಸ್ಸೊ ಓಣಿಗೆ ಕಾನೂನಿನ ತಲೆಬಿಸಿಯೂ ತಪ್ಪಿಲ್ಲ. ಎಲ್ಲಿ, ಯಾರು ಮಾಡಿದ್ದೆಂಬ ದಾಖಲೆಯಿಲ್ಲದ ಒರೆಕಿಯೆತ್ತೆ ಬಳಸಿದ್ದಕ್ಕೆ ಬಾರಿಯ ಹೋಟೆಲೊಂದಕ್ಕೆ ದಂಡ ಬಿದ್ದು, 2019ರಲ್ಲಿ ಅದು ಅಂತಾರಾಷ್ಟ್ರೀಯ ಸುದ್ದಿಯಾಯಿತು. ಮನೆ ಬಳಕೆಗೆ ಮಾಡಿ ಒಂದಿಷ್ಟು ಮಾರುವುದು ಬೇರೆ, ಹೋಟೆಲಿಗೆ ಒದಗಿಸುವುದು ಬೇರೆ ಎಂಬುದು ಅಧಿಕಾರಿಗಳ ವಾದ. ವಾದ ತಪ್ಪಲ್ಲ. ಆದರೆ ಲೇಬಲ್ಲು, ಬಿಲ್ಲು ಎಂದು ಹೊರಟರೆ ಬಾಗಿಲ ಮುಂದಿನ ಮೇಜುಗಳು ಎಷ್ಟು ಉಳಿದಾವು?

ಡ್ಯೂರಂ ನಮಗೆ ಹೊಸದೇನಲ್ಲ. ಕೇಸರಿಬಾತಿಗೆ ತರುವ ಬನ್ಸಿ ರವೆಯ ಬನ್ಸಿ ಮೂಲತಃ ಡ್ಯೂರಂ ಜಾತಿಯ ಗೋಧಿ; ಉತ್ತರ ಕರ್ನಾಟಕದಲ್ಲಿ ಬೆಳೆಯುತ್ತಿದ್ದ ಬಿಜಗಾ ಯೆಲ್ಲೊ ತಳಿಯೂ ಅದೇ. ಮದುವೆ ಗೊತ್ತಾದ ಮನೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿ ಶಾವಿಗೆ ಹೊಸೆದು, ಗವಲಿ, ಪರಡಿ ಎಂಬ ಹಿಟ್ಟಿನ ಪುಟ್ಟ ತುಣುಕುಗಳನ್ನು ಮಾಡಿ ಒಣಗಿಸಿಡುವ ರೂಢಿ ಆ ಕಡೆಯದು. ಅಲ್ಲಿಯೂ ಹಿಟ್ಟು, ನೀರು, ಬೆರಳು ಇಷ್ಟೇ ಸಾಮಗ್ರಿ. ಗವಲಿ ಮಾಡಿ ಪಳಗಿದ ಕೈಗೆ ಒರೆಕಿಯೆತ್ತೆ ಕಲಿಯಲು ಹೆಚ್ಚು ಹೊತ್ತು ಬೇಕಾಗದು.

ಪಾಸ್ತಾ ಯಂತ್ರಕ್ಕೆ ದುಡ್ಡು ಹಾಕಬೇಡಿ. ಬನ್ಸಿ ರವೆಯನ್ನು ಮಿಕ್ಸಿಯಲ್ಲಿ ಇನ್ನಷ್ಟು ನುಣ್ಣಗೆ ಮಾಡಿ ಜರಡಿ ಹಿಡಿಯಿರಿ. ಸಿಗದಿದ್ದರೆ ಚಿರೋಟಿ ರವೆ. ಕಹಿ ಸೊಪ್ಪಿನ ಬದಲು ಸಾಸಿವೆ ಸೊಪ್ಪೋ ಮೂಲಂಗಿ ಸೊಪ್ಪೋ ಆದೀತು. ಮಾಡಿದ ಕಿವಿಗಳನ್ನು ಒಂದರ ಮೇಲೊಂದು ಬೀಳದಂತೆ ಬಟ್ಟೆಯ ಮೇಲೆ ಹರವಿ, ಅದೇ ದಿನ ಧಾರಾಳ ಉಪ್ಪು ಹಾಕಿದ ಕುದಿನೀರಿಗೆ ಬಿಡಿ. ಮೇಲೆ ತೇಲಿದ ತಕ್ಷಣ ಇಳಿಸಬೇಡಿ, ಒಂದನ್ನು ಕಚ್ಚಿ ನೋಡಿ. ನಡುವೆ ಹಸಿ ಹಿಟ್ಟಿನ ರುಚಿ ಹೋಗಿರಬೇಕು, ಹಲ್ಲಿಗೆ ಮಾತ್ರ ಸ್ವಲ್ಪ ಗಟ್ಟಿ ಸಿಗಬೇಕು.