ಎಫ್.ಸಿ. ಎಂಬ ವಾರ್ಷಿಕ ಆತಂಕ

ನಿಮ್ಮ ಮನೆಯ ಒಲೆ ಉರಿಯುವುದು ಆಟೋ, ಟೆಂಪೋ ಅಥವಾ ಲಾರಿಯ ದುಡಿಮೆಯಿಂದಲೇ? ಹಾಗಾದರೆ 'ಎಫ್.ಸಿ.'ಯ ಭಾರ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ದಿನ ಹತ್ತಿರವಾದಂತೆ ಟಯರ್, ಬ್ರೇಕ್, ಬಣ್ಣ, ಶುಲ್ಕ ಎಲ್ಲವೂ ಒಟ್ಟಿಗೇ ಎದುರಿಗೆ ನಿಲ್ಲುತ್ತವೆ. ಮಕ್ಕಳ ಶಾಲಾ ಶುಲ್ಕಕ್ಕೆಂದು ಎತ್ತಿಟ್ಟ ಹಣ ಗ್ಯಾರೇಜಿನ ಪಾಲಾಗುತ್ತದೆ.

ಬಾಡಿಗೆಗೆ ಓಡುವ ವಾಹನಗಳಿಗೆ ಎಂಟು ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ, ಆ ಬಳಿಕ ಪ್ರತಿ ವರ್ಷವೂ ಈ ಪರೀಕ್ಷೆ ಕಡ್ಡಾಯ. 2022ರ ಏಪ್ರಿಲ್‌ನಿಂದ, 15 ವರ್ಷ ದಾಟಿದ ಆಟೋಗಳಿಗೆ 3,500 ಹಾಗೂ ಬಸ್, ಲಾರಿಗಳಿಗೆ 12,500 ರೂಪಾಯಿ ಶುಲ್ಕ ನಿಗದಿಯಾಯಿತು. 2025ರ ನವೆಂಬರ್‌ನಲ್ಲಿ ಅದನ್ನು ಇನ್ನಷ್ಟು ಏರಿಸಲಾಯಿತು.

ಚಾಲಕರ ಅಳಲಿನಲ್ಲಿ ನ್ಯಾಯವಿದೆ. ಹಳೆಯ ಗಾಡಿ ಓಡಿಸುವವರು ಹೆಚ್ಚಾಗಿ ಹೊಸದನ್ನು ಕೊಳ್ಳಲಾಗದ ಬಡವರು. ಆದರೆ ಹೆಚ್ಚಿನ ಶುಲ್ಕ ಬೀಳುವುದು ಅವರ ಮೇಲೆಯೇ. ಅದರೊಂದಿಗೆ ಒಂದು ದಿನದ ಸಂಪಾದನೆಯ ನಷ್ಟ, ದಲ್ಲಾಳಿಗಳ ಕಾಟ. ಶುಲ್ಕವು ವಾಹನದ ವಯಸ್ಸನ್ನು ನೋಡುವಂತೆ ದುಡಿಯುವವನ ಆದಾಯವನ್ನೂ ನೋಡಬೇಕೆಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಪರೀಕ್ಷೆ ಯಾರಿಗಾಗಿ?

ಆದರೆ ಶುಲ್ಕದ ಮೇಲಿನ ಸಿಟ್ಟನ್ನು ಪರೀಕ್ಷೆಯ ಮೇಲೆ ತೀರಿಸಬಾರದು. ಪರೀಕ್ಷೆಗೆಂದು ಬೇರೆಯವರ ಟಯರ್ ಹಾಕಿಸಿ, ಮರುದಿನ ಸವೆದ ಟಯರಿಗೇ ಮರಳುವವರಿದ್ದಾರೆ. ಮಳೆಗಾಲದ ಒದ್ದೆ ರಸ್ತೆಯಲ್ಲಿ ಆ ಗಾಡಿ ಜಾರಿದರೆ ಕಾಗದ ಯಾರನ್ನು ಕಾಪಾಡೀತು? ಡೀಸೆಲ್ ಗಾಡಿಯ ಕಪ್ಪು ಹೊಗೆಯಲ್ಲಿನ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕಿಳಿಯುತ್ತವೆ. ದಿನವಿಡೀ ರಸ್ತೆಯಲ್ಲಿರುವ ಚಾಲಕನೇ ಅದನ್ನು ಉಸಿರಾಡುವವರಲ್ಲಿ ಮೊದಲಿಗ. ಎಫ್.ಸಿ. ಇಲ್ಲದ ಬಾಡಿಗೆ ವಾಹನವನ್ನು ಕಾನೂನು ನೋಂದಣಿಯಾದ ವಾಹನವೆಂದೇ ಪರಿಗಣಿಸುವುದಿಲ್ಲ. ಅಪಘಾತವಾದರೆ ವಿಮಾ ಕಂಪೆನಿಗಳು ಇದನ್ನೇ ಮುಂದಿಟ್ಟು ತಕರಾರು ತೆಗೆಯುವುದುಂಟು.

ದಾರಿಯಲ್ಲಿನ ತೊಡಕನ್ನು ಸರಿಸುವುದು ಈಮಾನಿನ ಭಾಗವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಹಾಗಿರುವಾಗ ನಾವೇ ದಾರಿಯ ಅಪಾಯವಾಗಬಹುದೇ? ಗಾಡಿ ಹತ್ತಿದ ಪ್ರತಿಯೊಂದು ಮಗುವೂ ಚಾಲಕನ ಕೈಗೊಪ್ಪಿಸಿದ ಅಮಾನತ್ತು.

ನೀವೇನು ಮಾಡಬಹುದು?

ಸಹೋದರಿಯರೇ, ಮನೆಯ ಲೆಕ್ಕ ಬಲ್ಲವರು ನೀವು. ದಿನಕ್ಕೆ 30 ರೂಪಾಯಿ ಬದಿಗಿಟ್ಟರೂ ವರ್ಷಕ್ಕೆ ಹತ್ತು ಸಾವಿರ ದಾಟುತ್ತದೆ. ಬಡ್ಡಿಯ ಸಾಲದ ಬಾಗಿಲು ತಟ್ಟಬೇಕಾದ ಪ್ರಸಂಗವೂ ತಪ್ಪೀತು. ಎಫ್.ಸಿ., ಹೊಗೆ ಪರೀಕ್ಷೆ ಮತ್ತು ವಿಮೆಯ ಕೊನೆಯ ದಿನಾಂಕಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ. ಏರ್ ಫಿಲ್ಟರ್, ಆಯಿಲ್‌ಗಳನ್ನು ಕಾಲಕಾಲಕ್ಕೆ ಬದಲಿಸಿದರೆ ಹೊಗೆಯೂ ಇಂಧನದ ಖರ್ಚೂ ಕಡಿಮೆ. ಪರೀಕ್ಷೆಯಲ್ಲಿ ಅನುತ್ತೀರ್ಣವಾದರೆ ದಲ್ಲಾಳಿಗೆ ಹಣ ಸುರಿಯುವ ಅಗತ್ಯವಿಲ್ಲ, ದೋಷ ಸರಿಪಡಿಸಿ ಮತ್ತೆ ಒಯ್ಯಲು ಅವಕಾಶವಿದೆ.

ನಿಮ್ಮ ಮಗು ಶಾಲೆಗೆ ವ್ಯಾನಿನಲ್ಲಿ ಹೋಗುತ್ತಿದ್ದರೆ ಎಫ್.ಸಿ. ಯಾವಾಗ ಮುಗಿಯುತ್ತದೆಂದು ಕೇಳಲು ಸಂಕೋಚ ಬೇಡ. ಪ್ರಾಮಾಣಿಕ ಚಾಲಕನಿಗೆ ಈ ಪ್ರಶ್ನೆಯಿಂದ ಬೇಸರವಾಗದು. ಬಾಡಿಗೆಯನ್ನು ತಿಂಗಳ ಮೊದಲ ವಾರದಲ್ಲೇ ಕೊಟ್ಟುಬಿಡಿ. ಗಾಡಿಯ ಬ್ರೇಕ್ ಸರಿಯಾಗಿರಬೇಕಾದರೆ ಆತನ ಕೈಯಲ್ಲೂ ಹಣವಿರಬೇಕಲ್ಲವೇ?