ಅಂಕದ ಬೇಲಿಯೊಳಗಿನ ಬರವಣಿಗೆ

ವಿರಾಜಪೇಟೆಯಿಂದ ಗೋಣಿಕೊಪ್ಪಕ್ಕೆ ಹೋಗುವ ಹಾದಿಯಲ್ಲಿ, ಕಾಫಿತೋಟಗಳ ನಡುವೆ ಬಿಟ್ಟಂಗಾಲವಿದೆ. ಇಲ್ಲಿನ ಎಷ್ಟೋ ಮಕ್ಕಳಿಗೆ ಮನೆಯ ಮಾತು ಕೊಡವ, ಶಾಲೆಯ ಮಾತು ಕನ್ನಡ. ಇಂಗ್ಲಿಷಾದರೋ ಪರೀಕ್ಷೆಯ ಮಾತು. ಎಸ್.ಎಸ್.ಎಲ್.ಸಿ.ಯಲ್ಲಿ ದ್ವಿತೀಯ ಭಾಷೆಯ ಲಿಖಿತ ಪರೀಕ್ಷೆಗೇ 80 ಅಂಕ. ಪತ್ರ, ಪ್ರಬಂಧಗಳು ಬಂದೇ ಬರುವುವೆಂದು ತಿಳಿದ ಮೇಲೆ, ಬರೆಯಲು ಕಲಿಯುವುದಕ್ಕಿಂತ ಬಾಯಿಪಾಠವೇ ಸುಲಭವೆಂದು ವಿದ್ಯಾರ್ಥಿಗೆ ತೋರಿದರೆ ಆಶ್ಚರ್ಯವೇನು? ಕಣ್ಣೆದುರಿನ ಮಳೆಯನ್ನು ಬಿಟ್ಟು ಅವನು ಗೈಡಿನ ಮಳೆಯನ್ನೇ ಬಣ್ಣಿಸುವನು.

2021ರ ಜುಲೈ 22ರಂದು, ಕೊರೋನಾದ ಕಾರಣ, ಭಾಷಾ ಪರೀಕ್ಷೆಯೂ ಬಹು ಆಯ್ಕೆಯದಾಯಿತು. ಒಂದು ವಾಕ್ಯವನ್ನೂ ರಚಿಸದೆ, ವೃತ್ತಗಳಿಗೆ ಮಸಿ ತುಂಬಿ ಮುಗಿಸಬಹುದಾಯಿತು. ಹಾಗೆಂದು ಪರೀಕ್ಷೆಯನ್ನೇ ಹಳಿಯುವುದು ಸಲ್ಲ. ಅದಿಲ್ಲದಿದ್ದರೆ ಲೇಖನಿ ಹಿಡಿಯುವವರೆಷ್ಟು ಮಂದಿ? ಬದಲಾಗಬೇಕಾದುದು ಪ್ರಶ್ನೆ. ಕಾಫಿ ಹೂವನ್ನು ಕಾಣದ ಗೆಳೆಯನಿಗೆ ನಿನ್ನೂರಿನ ತೋಟವನ್ನು ವರ್ಣಿಸಿ ಪತ್ರ ಬರೆ ಎಂದರೆ, ಗೈಡು ಮುಚ್ಚೀತು. ಹುಡುಗನ ಕಣ್ಣು ತೆರೆದೀತು.